ಬಿ.ಎಸ್ಸಿ. ನರ್ಸಿಂಗೋ, ಜಿಎನ್‌ಎಮ್ಮೋ?

(ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾ ಅಧೀಕ್ಷಕಿಯಾಗಿ ನಿವೃತ್ತರಾದ ಸಿಸ್ಟರ್ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ಸಿಸ್ಟರ್, ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ನನಗೆ ಶೇ 71 ಅಂಕ ಬಂದಿದೆ. ಅಮ್ಮ ಆಶಾ ಕಾರ್ಯಕರ್ತೆ, ಅಪ್ಪನಿಗೆ ಮೂರು ಎಕರೆ ಒಣಬೇಸಾಯದ ಜಮೀನಿದೆ. ಸೋದರಮಾವನಿಗೆ ಗೊತ್ತಿರುವ ಏಜೆಂಟರೊಬ್ಬರು ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ಕೊಡಿಸುತ್ತೇನೆ, ಮುಂಗಡ ಹಣ ಮತ್ತು ಮೂಲ ಅಂಕಪಟ್ಟಿ ಕೊಡಿ ಎನ್ನುತ್ತಿದ್ದಾರೆ. ಅಪ್ಪ ಜಮೀನಿನ ಮೇಲೆ ಸಾಲ ತೆಗೆಯಲು ತಯಾರಿದ್ದಾರೆ. ಹತ್ತಿರದಲ್ಲೇ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದರೆ ಸಾಕು ಎಂಬುದು ಅಮ್ಮನ ಮಾತು. ಓದು ಮುಗಿದ ಮೇಲೆ ನಮ್ಮ ಜಿಲ್ಲೆಯಲ್ಲೇ ಕೆಲಸ ಸಿಗಬಹುದೇ?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ಮೂಲ ಅಂಕಪಟ್ಟಿಯನ್ನು ಏಜೆಂಟರ ಕೈಗೆ ಕೊಡಬೇಡ. ಮಾವನಿಗೆ ಬೇಸರವಾದರೂ ಸರಿಯೇ. ಮುಂದೆ ಸರ್ಕಾರಿ ಸೀಟು ಸಿಕ್ಕಿತೆಂದುಕೊಳ್ಳೋಣ. ಆ ಕಾಗದಗಳನ್ನು ಬಿಡಿಸಿಕೊಳ್ಳುವುದಕ್ಕೇ ಮತ್ತೆ ಹಣ ಕಟ್ಟಬೇಕಾಗಿ ಬಂದ ಹುಡುಗಿಯರನ್ನು ನಾನು ಕಂಡಿದ್ದೇನೆ.

ಸರ್ಕಾರಿ ಸೀಟಿನ ಮಾತನ್ನು ನೀನು ಎತ್ತಿಯೇ ಇಲ್ಲ. ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುತ್ತವೆ. ನೀನು ಕೊಪ್ಪಳದವಳು, ಅಂದರೆ ಕಲ್ಯಾಣ ಕರ್ನಾಟಕದವಳು. ಸಂವಿಧಾನದ 371(ಜೆ) ವಿಧಿಯಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಕಡೆಯೂ ಈ ಭಾಗದವರಿಗೆ ಶೇ 8 ಇದೆ. ಇದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಅಮ್ಮನಿಗೆ ತಾಲ್ಲೂಕು ಕಚೇರಿ, ನಾಡಕಚೇರಿಗಳ ಓಡಾಟ ಹೊಸದೇನಲ್ಲ. ಆ ಕಾಗದ ನಾಳೆ ಕೆಲಸಕ್ಕೂ ಬೇಕು: ಈ ಭಾಗದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೇ ಸಲ್ಲಬೇಕು, ಶುಶ್ರೂಷಾಧಿಕಾರಿ (ಸ್ಟಾಫ್ ನರ್ಸ್) ಹುದ್ದೆ ಅದೇ ಗುಂಪಿನದು.

ಇನ್ನು ಅಮ್ಮನ ಮಾತು. ರಾಜ್ಯ ಸರ್ಕಾರದ ಶುಶ್ರೂಷಾಧಿಕಾರಿ ಹುದ್ದೆಗೆ ಮೂರು ವರ್ಷದ ಜಿಎನ್‌ಎಂ ಮುಗಿಸಿದವರೂ ನಾಲ್ಕು ವರ್ಷದ ಬಿ.ಎಸ್ಸಿ. ಮುಗಿಸಿದವರೂ ಅರ್ಜಿ ಹಾಕಬಹುದು. ವಾರ್ಡಿನಲ್ಲಿ ಇಬ್ಬರೂ ಹಿಡಿಯುವುದು ಅದೇ ಸಿರಿಂಜು, ಮಾಡುವುದು ಅದೇ ನೈಟ್ ಡ್ಯೂಟಿ. ವ್ಯತ್ಯಾಸ ಕಾಣುವುದು ಬೇರೆ ಬಾಗಿಲುಗಳಲ್ಲಿ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ಶುಶ್ರೂಷಾಧಿಕಾರಿ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ. ಆದವರು, ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗಿದ್ದರೆ, ನೇರವಾಗಿ ಕೂರಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಏಳನೇ ವೇತನ ಆಯೋಗದ ಪ್ರಕಾರ ಆ ಹುದ್ದೆಯ ಮೂಲ ವೇತನ 44,900 ರೂಪಾಯಿಯಿಂದ ಶುರು. (ರಾಯಚೂರಿಗೆ ಏಮ್ಸ್ ಬೇಕೆಂದು ನಮ್ಮವರು ಧರಣಿ ಕೂತಿದ್ದು ನಿನಗೂ ಗೊತ್ತು. ಸದ್ಯಕ್ಕೆ ನಿನಗೆ ಹತ್ತಿರದ್ದು ತೆಲಂಗಾಣದ ಬೀಬಿನಗರ.) ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೂ ಎಂ.ಎಸ್ಸಿ. ಓದಬೇಕೆಂದರೂ ಬಿ.ಎಸ್ಸಿ. ಬೇಕೇ ಬೇಕು. ಆದರೆ ಜಿಎನ್‌ಎಂ ಮಾಡಿದವರಿಗೆ ದಾರಿ ಮುಚ್ಚುವುದಿಲ್ಲ. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ, ನನ್ನ ಜೊತೆಯವರು ಎಷ್ಟೋ ಜನ ಹಾಗೆಯೇ ಮೇಲೆ ಬಂದರು.

ಜಿಲ್ಲೆಯಲ್ಲಿ ಕೆಲಸ ಸಿಗುತ್ತದೆ. ಯಾವ ಕೆಲಸ ಎಂಬುದನ್ನು ಮಾತ್ರ ತಿಳಿದುಕೊಂಡೇ ಹೊರಡು. ಖಾಯಂ ಹುದ್ದೆಯ ಅಧಿಸೂಚನೆ ವರ್ಷಾವರ್ಷ ಬರುವುದಿಲ್ಲ. ನಡುವೆ ಸಿಗುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ, ಇಲ್ಲವೇ ಏಜೆನ್ಸಿ ಮೂಲಕ ಹೊರಗುತ್ತಿಗೆ. ಅಮ್ಮನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದರೆ ಹೋಗಿ ಮಾತನಾಡಿಸು. ನರ್ಸಿಂಗ್ ಓದಿದವರೇ ಆ ಹುದ್ದೆಯಲ್ಲಿ ಹೆಚ್ಚು, ಊರಲ್ಲೇ ಇರಬೇಕೆನ್ನುವವರಿಗೆ ಒಪ್ಪುವ ಕೆಲಸ, ಆದರೆ ಗುತ್ತಿಗೆಯದು. ಗಂಗಾವತಿ, ಕೊಪ್ಪಳದ ನರ್ಸಿಂಗ್ ಹೋಂಗಳಲ್ಲಿ ಕೆಲಸಕ್ಕೆ ಬರವಿಲ್ಲ, ಸಂಬಳಕ್ಕೆ ಬರ. ಅಲ್ಲಿ ಕೆಲಸ ಮಾಡುವ ಇಬ್ಬರನ್ನು ಕೈಗೆ ಬರುವ ಮೊತ್ತ ಎಷ್ಟೆಂದು ಕೇಳು, ಅಪ್ಪ ತೆಗೆಯಲಿರುವ ಸಾಲದ ತಿಂಗಳ ಕಂತನ್ನು ಪಕ್ಕದಲ್ಲಿ ಬರೆ. ಆ ಲೆಕ್ಕ ನೋಡಿದ ಮೇಲೂ ಅಪ್ಪ ಸಾಲಕ್ಕೆ ಹೊರಡುತ್ತಾರಾ ನೋಡೋಣ.

ಬೆಂಗಳೂರಿನ ಕಾಲೇಜಿನ ಬಗ್ಗೆ ಒಂದು ಮಾತು. ಹಿಂದೆ ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕಿಯಾಗಿ ಹೋದಾಗ ವಿದ್ಯಾರ್ಥಿಗಳ ಹೆರಿಗೆಯ ಕೇಸ್ ಪುಸ್ತಕ ತಿರುವುತ್ತಿದ್ದೆ. ಒಂದು ಖಾಸಗಿ ಕಾಲೇಜಿನ ಐದು ಹುಡುಗಿಯರ ಪುಸ್ತಕದಲ್ಲಿ ಒಬ್ಬಳೇ ಬಾಣಂತಿ! ವಯಸ್ಸು ಅದೇ, ಹಿಮೋಗ್ಲೋಬಿನ್ ಅದೇ, ಮಗುವಿನ ತೂಕವೂ ಅದೇ. ಎರಡನೇ ಪುಸ್ತಕದಲ್ಲಿದ್ದ ಕಾಗುಣಿತದ ತಪ್ಪು ಐದನೆಯದರಲ್ಲೂ ಇತ್ತು. ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಲು ಹೇಳಿದರೆ ಹುಡುಗಿ ಕೈ ಎಲ್ಲಿಡಬೇಕೆಂದು ನನ್ನ ಮುಖ ನೋಡಿದಳು. ಅವಳ ತಪ್ಪಲ್ಲ. ಆ ಕಾಲೇಜಿಗೆ ಸ್ವಂತ ಆಸ್ಪತ್ರೆಯೆಂದು ಇದ್ದದ್ದು ಬೋರ್ಡು ಮಾತ್ರ.

ಆದ್ದರಿಂದ ಯಾವ ಕಾಲೇಜಾದರೂ ಮೊದಲು ಅದರ ಆಸ್ಪತ್ರೆಗೆ ಹೋಗು. ಬೆಳಿಗ್ಗೆ ಎಂಟರ ಹೊತ್ತಿಗೆ ಹೆರಿಗೆ ವಾರ್ಡಿನ ಹೊರಗೆ ನಿಲ್ಲು. ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ, ಸಮವಸ್ತ್ರದ ವಿದ್ಯಾರ್ಥಿಗಳು ಬರುತ್ತಾರೆಯೇ ನೋಡು. ಕೊನೆಯ ವರ್ಷದವಳನ್ನು ಚಹಾಕ್ಕೆ ಕರೆದು, ಸ್ವಂತ ಕೈಯಿಂದ ಎಷ್ಟು ಹೆರಿಗೆ ಮಾಡಿಸಿದ್ದೀಯಾ ಎಂದು ಕೇಳು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಪಡೆದ ಕಾಲೇಜುಗಳ ಪಟ್ಟಿಯಲ್ಲಿ ಹೆಸರಿದೆಯೇ ಎಂಬುದನ್ನು ಮೊಬೈಲಿನಲ್ಲೇ ನೋಡಬಹುದು.

ನನ್ನನ್ನು ಕೇಳಿದರೆ: ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸಿಕ್ಕರೆ ಬಳ್ಳಾರಿಯಾಗಲಿ ಕಲಬುರಗಿಯಾಗಲಿ ಕಣ್ಣುಮುಚ್ಚಿ ಸೇರು. ಸಿಗದಿದ್ದರೆ ತುಂಬಿದ ವಾರ್ಡಿರುವ ಸರ್ಕಾರಿ ಆಸ್ಪತ್ರೆಯ ಜಿಎನ್‌ಎಂ. ಜಮೀನು ಒತ್ತೆಯಿಟ್ಟು ಏಜೆಂಟರ ಕಾಲೇಜಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ನಾನು ಹುಡುಗ. ನರ್ಸಿಂಗ್ ಓದುತ್ತೇನೆಂದರೆ ಗೆಳೆಯರು ನಗುತ್ತಾರೆ. ಹುಡುಗರಿಗೆ ಕೆಲಸ ಸಿಗುತ್ತದೆಯೇ?
– ಓದುಗ, ಹಾಸನ

ಉತ್ತರ: ನಗಲಿ ಬಿಡಪ್ಪ. ಐಸಿಯು, ತುರ್ತು ಚಿಕಿತ್ಸೆ, ಡಯಾಲಿಸಿಸ್, ಮಾನಸಿಕ ರೋಗಿಗಳ ವಾರ್ಡುಗಳಲ್ಲಿ ಗಂಡು ನರ್ಸುಗಳನ್ನು ಆಸ್ಪತ್ರೆಗಳು ಕೇಳಿಕೊಂಡು ಬರುತ್ತವೆ. ಹೆರಿಗೆ ವಾರ್ಡಿನ ಪಾಠ ನಿನಗೂ ಇರುತ್ತದೆ, ಅದಕ್ಕೆ ನಾಚಿಕೊಳ್ಳುವುದಾದರೆ ಮಾತ್ರ ಈ ಓದು ಬೇಡ. ಸೇರುವ ಮೊದಲು ಹೆಪಟೈಟಿಸ್ ‘ಬಿ’ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಳ್ಳಲು ಶುರುಮಾಡು. ಮೊದಲ ಡೋಸಿನಿಂದ ಮೂರನೆಯದಕ್ಕೆ ಆರು ತಿಂಗಳು ಬೇಕು.