ಅಲ್ಲಿ ಸರ್ಕಾರ ಬೇಗ ಬೀಳುವುದಿಲ್ಲ

ತಮ್ಮಾ, ನಿನ್ನ ಮೆಸೇಜು ಓದಿದೆ. ಗಿರಿನಗರದಿಂದ ಸೀದಾ ಬ್ರೆಜಿಲಿನ ಸಾವೊ ಪೌಲೊಗೆ ಕೆಲಸಕ್ಕೆ ಹೊರಟಿದ್ದೀಯ, ಸಂತೋಷ. "ಅಕ್ಕಾ, ಅಲ್ಲಿ ಅಧ್ಯಕ್ಷರನ್ನೇ ಮನೆಗೆ ಕಳಿಸ್ತಾರಂತೆ, 2023ರಲ್ಲಿ ಜನ ಪಾರ್ಲಿಮೆಂಟಿಗೇ ನುಗ್ಗಿದರಂತೆ. ಅಲ್ಲಿ ಸಂಸಾರ ಹೂಡಬಹುದಾ?" ಅಂತ ಕೇಳಿದ್ದೀಯ. ನಾನು 2014ರಿಂದ ಅಲ್ಲೇ ಇದ್ದೇನೆ. ಈಗ ರಜೆಗೆ ಹನುಮಂತನಗರಕ್ಕೆ, ಅಮ್ಮನ ಮನೆಗೆ ಬಂದಿದ್ದೇನೆ. ಪುರುಸೊತ್ತಿದೆ, ಬರೆಯುತ್ತೇನೆ.

ಸರ್ಕಾರ ಬೀಳುವುದು ನಮಗೇನು ಹೊಸದಲ್ಲ. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ ಮಂಗಳವಾರ 99-105ರಲ್ಲಿ ಬಿತ್ತು, ಶುಕ್ರವಾರ ಯಡಿಯೂರಪ್ಪ ಪ್ರಮಾಣವಚನ ತಗೊಂಡರು. ಅದಕ್ಕೂ ಮುಂಚೆ ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತಿದ್ದರು, ಆ ಮಾತು ಬಿಡು. ಬಹುಮತ ಹೋಯಿತಾ, ಇಳಿ. ಅಷ್ಟೆ. ಅಧ್ಯಕ್ಷ ಪದ್ಧತಿಯಲ್ಲಿ ಆ ದಾರಿ ಇಲ್ಲ. ಅಧ್ಯಕ್ಷರನ್ನು ಆರಿಸಿದ್ದೂ ಜನ, ಸಂಸತ್ತನ್ನು ಆರಿಸಿದ್ದೂ ಜನ. ಜಗಳ ಹತ್ತಿದರೆ ಇಬ್ಬರೂ "ವೋಟು ಬಿದ್ದದ್ದು ನನಗೆ" ಅಂತಾರೆ. ಪಾಲಾಗದ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ, ನಾಲ್ಕು ವರ್ಷ.

ನಾನು ಕಣ್ಣಾರೆ ಕಂಡದ್ದು 2016ರಲ್ಲಿ. ಡಿಲ್ಮಾ ರೂಸೆಫ್ ಅಧ್ಯಕ್ಷೆ. 513 ಸೀಟಿನ ಕೆಳಮನೆಗೆ 2014ರಲ್ಲಿ ಗೆದ್ದ ಅವರ ಪಕ್ಷದವರು 70ರ ಆಸುಪಾಸು. ಮಿತ್ರಪಕ್ಷಗಳು ಕೈಕೊಟ್ಟವು. ಆದರೂ ಸುಮ್ನೆ ಇಳಿಸುವ ಹಾಗಿಲ್ಲ, ತಪ್ಪು ತೋರಿಸಬೇಕು. ಬಜೆಟ್ ಲೆಕ್ಕದಲ್ಲಿ ಕೈಚಳಕ ಅಂತ ಆರೋಪ ಹೊರಿಸಿದರು. ಏಪ್ರಿಲ್ 17, ಭಾನುವಾರ. ನಮ್ಮ ಬೀದಿಯ ಬೇಕರಿಯಲ್ಲಿ ಟಿವಿ ಮುಂದೆ ಜನವೋ ಜನ. ಸದಸ್ಯರು ಒಬ್ಬೊಬ್ಬರಾಗಿ ಮೈಕಿಗೆ ಬಂದು "ನನ್ನ ಅಮ್ಮನಿಗಾಗಿ", "ಮೊಮ್ಮಗನಿಗಾಗಿ", "ದೇವರಿಗಾಗಿ" ಅಂತ ವೋಟು ಹಾಕುತ್ತಿದ್ದರು. ಬಜೆಟ್ ಸುದ್ದಿ ಎತ್ತಿದವರು ಕಮ್ಮಿ. 367-137. ಇದೆಲ್ಲ ಶುರುವಾದದ್ದು 2015ರ ಡಿಸೆಂಬರಿನಲ್ಲಿ, ಅವರು ಪೂರ್ತಿ ಹೋದದ್ದು ಆಗಸ್ಟ್ 31ಕ್ಕೆ. ಅಷ್ಟು ದಿನವೂ ದೇಶ ತೂಗುಯ್ಯಾಲೆ. ಟಿವಿಯಲ್ಲಿ ಅಧ್ಯಕ್ಷೆ ಮಾತಾಡಲು ಶುರು ಮಾಡಿದರೆ ಅಪಾರ್ಟ್‌ಮೆಂಟ್ ಕಿಟಕಿಗಳಿಂದ ಪಾತ್ರೆ ಬಡಿಯುವ ಸದ್ದು. 2020ರ ಮಾರ್ಚಿನಲ್ಲಿ ಇಲ್ಲಿ ನೀವು ಡಾಕ್ಟರುಗಳಿಗೆ ಅಂತ ತಟ್ಟೆ ಬಡಿದಿರಿ ಅಲ್ವಾ? ಅದೇ ತಿಂಗಳು ಅಲ್ಲಿ ಆಗಿನ ಅಧ್ಯಕ್ಷ ಬೋಲ್ಸೊನಾರೊ ವಿರುದ್ಧ ಬಡಿದರು. ವಿಡಿಯೊ ಕಾಲಿನಲ್ಲಿ ಕೇಳಿಸಿಕೊಂಡ ಅಮ್ಮ, ಎರಡೂ ಒಂದೇ ಅಂದುಕೊಂಡಿದ್ದರು.

ಜಗಳ ಹೀಗೆ ಗಂಟು ಬಿದ್ದಾಗಲೇ ಸೇನೆ "ನಾವು ಬಿಡಿಸ್ತೀವಿ" ಅಂತ ಬರುವುದು. 1964ರಲ್ಲಿ ಬ್ರೆಜಿಲಿನ ಅಧ್ಯಕ್ಷ ಗುಲಾರ್ಟ್‌ಗೂ ಸಂಸತ್ತಿಗೂ ಬಿಗಿದಿತ್ತು. ಸೇನೆ ಬಂತು, 21 ವರ್ಷ ಹೋಗಲಿಲ್ಲ. ಹೊಸ ಪ್ರಜಾಪ್ರಭುತ್ವಗಳಿಗೆ ಈ ಪದ್ಧತಿ ಅಪಾಯ ಅಂತ ಹುವಾನ್ ಲಿಂಜ್ ಎಂಬ ವಿದ್ವಾಂಸರು 1990ರಲ್ಲಿ ಬರೆದದ್ದು ಇದೇ ಕಾರಣಕ್ಕೆ. ನನಗೆ ಅರ್ಧ ಒಪ್ಪಿಗೆ. ಪಾಕಿಸ್ತಾನದಲ್ಲಿ ಇದ್ದದ್ದು ನಮ್ಮಂಥದೇ ಪಾರ್ಲಿಮೆಂಟ್ ಪದ್ಧತಿ, 1958ರಲ್ಲಿ ಸೇನೆ ಬರಲಿಲ್ಲವಾ? ಸೇನೆಗೆ ರುಚಿ ಹತ್ತಿದೆಯಾ ಅನ್ನುವುದೇ ಜಾಸ್ತಿ ಮುಖ್ಯ.

ಪ್ರಧಾನಿ ಬೇಕಾ, ಅಧ್ಯಕ್ಷರು ಬೇಕಾ ಅಂತ 1993ರಲ್ಲಿ ಬ್ರೆಜಿಲಿನವರನ್ನೇ ಕೇಳಿದರು. ಅಧ್ಯಕ್ಷರೇ ಇರಲಿ ಅಂದರು. ನಮ್ಮ ಆಫೀಸಿನ ಹಿರಿಯರೊಬ್ಬರು ಹೇಳುತ್ತಾರೆ: "1960 ಆದ ಮೇಲೆ ಅಧ್ಯಕ್ಷರಿಗೆ ನೇರ ವೋಟು ಹಾಕಲು ಸಿಕ್ಕಿದ್ದು 1989ಕ್ಕೆ. ಅದನ್ನು ಮತ್ತೆ ಸಂಸತ್ತಿನವರ ಕೈಗೆ ಕೊಡ್ತೀವಾ?"

ನೀನು ಕೇಳಿದ 2023ರ ಗಲಾಟೆ ಆದದ್ದು ರಾಜಧಾನಿ ಬ್ರೆಸಿಲಿಯಾದಲ್ಲಿ, ಬೋಲ್ಸೊನಾರೊರನ್ನು ಸೋಲಿಸಿದ ಲೂಲಾ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡ ಒಂದು ವಾರಕ್ಕೆ. ಅವರು ಗೆದ್ದದ್ದು 50.9ಕ್ಕೆ 49.1 ಶೇಕಡದಲ್ಲಿ. ಸೋತ ಬೋಲ್ಸೊನಾರೊ ಕಡೆಯವರಿಗೆ ಹೊಟ್ಟೆ ಉರಿಯದೇ ಇರುತ್ತಾ? ಆದರೆ ಈ ಸಲ ಸೇನೆ ಅಧಿಕಾರ ಹಿಡಿಯಲಿಲ್ಲ. ಮಾರನೇ ದಿನ ಸೋಮವಾರ, ನಾನು ಎಂದಿನಂತೆ ಮೆಟ್ರೊ ಹತ್ತಿದೆ.

ಸಂಸಾರ ಹೂಡಬಹುದು. ಆಫೀಸಿನಲ್ಲಿ ಮಾತ್ರ ಯಾರಾದರೂ "ನೀನು ಯಾವ ಕಡೆ?" ಅಂದರೆ ಪೋರ್ಚುಗೀಸ್ ಅರ್ಥ ಆಗಲ್ಲ ಅಂದುಬಿಡು. ನಾನು ಎರಡು ವರ್ಷ ಹಾಗೇ ತಳ್ಳಿದೆ. ಭಾನುವಾರ ಸಂಜೆ ಮನೆಗೆ ಬಾ, ಬಾಡಿಗೆ ಕರಾರು ಪತ್ರ ತಗೊಂಡು ಬಾ. ಅದರಲ್ಲಿ ನೋಡಬೇಕಾದ್ದು ಇದಕ್ಕಿಂತ ಜಾಸ್ತಿ ಇದೆ.