ಜಾಕೆಟ್ಟಿನ ಮೇಲೆ ಬಿದ್ದ ಎಣ್ಣೆ

ಮಾನ್ಯರೇ,

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಸೇಂಟ್ ಕಿಲ್ಡಾ ದ್ವೀಪಗಳಿಗೆ ಹೋಗಿಬಂದು ನೀವು ಗ್ಲಾಸ್ಗೋದಿಂದ ಕಳುಹಿಸಿದ ‘ನಿರ್ಜನ ದ್ವೀಪದ ನಿಟ್ಟುಸಿರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ತಿದ್ದಿ ಬರೆಯಿರಿ ಎಂದು ಕೇಳುವಷ್ಟು ಸರಕು ಅದರಲ್ಲಿರುವುದರಿಂದ ಈ ಪತ್ರ ತುಸು ದೀರ್ಘವಾಗಿದೆ.

1930ರ ಆಗಸ್ಟ್ 29ರಂದು ಕೊನೆಯ 36 ಮಂದಿ ದ್ವೀಪ ಬಿಟ್ಟು ಹೊರಟದ್ದು, ಮನೆಮನೆಯಲ್ಲೂ ತೆರೆದಿಟ್ಟ ಬೈಬಲ್ಲು, ಪಕ್ಕದಲ್ಲಿ ಒಂದು ಹಿಡಿ ಓಟ್ಸ್: ನಿಮ್ಮ ಮೊದಲ ಮೂರು ಪುಟಗಳು ಇಷ್ಟಕ್ಕೇ ಮುಗಿದಿವೆ. ಸೇಂಟ್ ಕಿಲ್ಡಾದ ಬಗ್ಗೆ ಬರೆಯುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಜನರಿಗಾಗಿ ಅಷ್ಟು ಮರುಗಿದ ನೀವು ಅವರ ಹೊಟ್ಟೆ ಹೊರೆದ ಹಕ್ಕಿಗಳನ್ನು ‘ಸಾವಿರಾರು ಹಕ್ಕಿಗಳ ಕಲರವ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಯಾವ ಹಕ್ಕಿಗಳು? (ಕಲರವ ಎಂಬುದು ಉದ್ಯಾನಕ್ಕೆ ಒಪ್ಪುವ ಪದ, ಗ್ಯಾನೆಟ್ ಎಂಬ ಕಡಲಹಕ್ಕಿಗಳು ಕಿಕ್ಕಿರಿದ ಬಂಡೆಯ ಕೆಳಗೆ ನಿಂತು ಬಂದವರು ಅದನ್ನು ಬಳಸಬಾರದಿತ್ತು.)

ತಪ್ಪುಗಳೂ ಇವೆ. ದ್ವೀಪದವರು ‘ಮೀನುಗಾರಿಕೆಯಿಂದ ಬದುಕುತ್ತಿದ್ದರು’ ಎಂದಿದ್ದೀರಿ. ಸುತ್ತ ಸಮುದ್ರವಿದ್ದರೂ ಅದು ದೋಣಿಯನ್ನು ನಂಬಿ ಬದುಕಬಹುದಾದ ಸಮುದ್ರವಲ್ಲ. ಅವರು ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಲ್ಲಿ ಇಳಿದು ಫುಲ್ಮರ್, ಗ್ಯಾನೆಟ್, ಪಫಿನ್ ಎಂಬ ಕಡಲಹಕ್ಕಿಗಳನ್ನು ಹಿಡಿಯುತ್ತಿದ್ದರು. ನೀವು ‘ಪಾಳುಬಿದ್ದ ನೂರಾರು ಮನೆಗಳು’ ಎಂದು ಕರೆದವು ಮನೆಗಳೇ ಅಲ್ಲ, ಕ್ಲೀಟ್ ಎಂಬ ಉಗ್ರಾಣಗಳು. ಗಾರೆಯಿಲ್ಲದೆ ಪೇರಿಸಿದ ಕಲ್ಲುಗಳ ಸಂದಿನಲ್ಲಿ ಗಾಳಿ ಹಾಯುತ್ತದೆ, ಮೇಲೆ ಹೊದಿಸಿದ ಹುಲ್ಲುಹೆಂಟೆ ಮಳೆಯನ್ನು ತಡೆಯುತ್ತದೆ, ಒಳಗೆ ಹಕ್ಕಿಯ ಮಾಂಸ ಕೊಳೆಯದೆ ಒಣಗುತ್ತಿತ್ತು. ಹೆಚ್ಚೆಂದರೆ ಇನ್ನೂರರೊಳಗೇ ಇದ್ದ ಜನ ಹಿರ್ಟಾ ಎಂಬ ಒಂದೇ ದ್ವೀಪದಲ್ಲಿ ಇಂಥವನ್ನು 1,200ಕ್ಕೂ ಹೆಚ್ಚು ಕಟ್ಟಿದ್ದರು. ‘ಮನುಷ್ಯರು ಹೋದರೂ ಪ್ರಕೃತಿಗೆ ಏನೂ ಆಗಲಿಲ್ಲ’ ಎಂಬ ವಾಕ್ಯವನ್ನೂ ಹೊಡೆದುಹಾಕಿ. ಒಲೆಗಳು ಆರಿದ ಕೆಲವೇ ವರ್ಷಗಳಲ್ಲಿ ಆ ದ್ವೀಪಕ್ಕೇ ವಿಶಿಷ್ಟವಾಗಿದ್ದ ಮನೆಯಿಲಿ ನಿರ್ವಂಶವಾಯಿತು.

ಇನ್ನು ಐದನೆಯ ಪುಟ. ಕ್ಲೀಟಿನೊಳಗೆ ಬಗ್ಗಿ ನೋಡಿದಾಗ ಫುಲ್ಮರ್ ಮರಿಯೊಂದು ನಿಮ್ಮ ಜಾಕೆಟ್ಟಿಗೆ ನಾರುವ ಎಣ್ಣೆಯನ್ನು ಉಗಿಯಿತು ಎಂದು ನಾಲ್ಕೇ ಸಾಲಿನಲ್ಲಿ ಬರೆದಿದ್ದೀರಿ. ಅಷ್ಟು ಹತ್ತಿರ ಹೋದದ್ದು ತಪ್ಪು, ಆದರೆ ಲೇಖನ ಇರುವುದು ಅಲ್ಲೇ. ಮೇಲೆರಗುವ ಹಕ್ಕಿಯ ಗರಿಗಳನ್ನು ಅಂಟಿಸಿ ಕೆಡಿಸುವ ಆ ಎಣ್ಣೆಯೇ ದ್ವೀಪದವರ ದೀಪಕ್ಕೂ ಎಣ್ಣೆಯಾಗಿತ್ತು. ಮರಿಯನ್ನು ಹಿಡಿಯುವಾಗ ಅದು ಚೆಲ್ಲದಂತೆ ನೋಡಿಕೊಂಡು, ಗ್ಯಾನೆಟ್ಟಿನ ಒಣಗಿಸಿದ ಜಠರದಲ್ಲಿ ತುಂಬಿಡುತ್ತಿದ್ದರು. ಹಿಡಿದ ಹಕ್ಕಿಗಳ ಗರಿಗಳು ದ್ವೀಪದ ಒಡೆಯನಿಗೆ ಗೇಣಿಯಾಗಿ ಸಲ್ಲುತ್ತಿದ್ದವು. ನೀವು ‘ಗಲ್ ಜಾತಿಯ ಹಕ್ಕಿ’ ಎಂದ ಈ ಫುಲ್ಮರ್ ಕೊಕ್ಕಿನ ಮೇಲೆ ಕೊಳವೆಯಂಥ ಮೂಗುಳ್ಳ, ಆಲ್ಬಟ್ರಾಸ್‌ನ ಬಳಗಕ್ಕೆ ಸೇರಿದ ಹಕ್ಕಿ. ವರ್ಷಕ್ಕೆ ಒಂದೇ ಮೊಟ್ಟೆ. ಅದು ಹೋದರೆ ಆ ವರ್ಷ ಇನ್ನೊಂದಿಲ್ಲ. 1878ರವರೆಗೆ ಇಡೀ ಬ್ರಿಟನ್ನಿನಲ್ಲಿ ಅದು ಮರಿ ಮಾಡುತ್ತಿದ್ದುದು ಸೇಂಟ್ ಕಿಲ್ಡಾದಲ್ಲಿ ಮಾತ್ರ. ಮರಿಗಳು ಕೊಬ್ಬಿ ಇನ್ನೇನು ಹಾರಬೇಕು ಎನ್ನುವ ಆಗಸ್ಟ್ ದ್ವೀಪದವರಿಗೆ ಸುಗ್ಗಿಯ ತಿಂಗಳಾಗಿತ್ತು, ಅವರು ಊರು ಬಿಟ್ಟದ್ದೂ ಅದೇ ತಿಂಗಳಲ್ಲಿ. ಈ ಎರಡನ್ನು ಅಕ್ಕಪಕ್ಕ ಇಟ್ಟರೆ ಶೀರ್ಷಿಕೆಯ ನಿಟ್ಟುಸಿರು ಬೇಕಾಗುವುದಿಲ್ಲ.

ಮೊದಲ ಮೂರು ಪುಟಗಳನ್ನು ಬಿಟ್ಟು, ಜಾಕೆಟ್ಟಿನಿಂದ ಆರಂಭಿಸಿ, ಸಾವಿರದಿನ್ನೂರು ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ಹಿಂದಿರುಗುವಾಗ ಆ ನಾತಕ್ಕೆ ದೋಣಿಯವನು ನಿಮ್ಮನ್ನು ಹಿಂದಿನ ತುದಿಯಲ್ಲಿ ಕೂರಿಸಿ ‘ನಗುತ್ತ ಏನೋ ಹೇಳಿದ’ ಎಂದಿದ್ದೀರಿ. ಏನು ಹೇಳಿದ ಎಂಬುದನ್ನು ನೆನಪು ಮಾಡಿಕೊಂಡು, ಅವನ ಮಾತಿನಲ್ಲೇ ಬರೆಯಿರಿ.

ಇಂತು,
ಸಂಪಾದಕ