ಗೌಜಲ ಹಕ್ಕಿಯ ಕಣ್ಣು ಮುಚ್ಚಿಕೊಂಡು ನೊರೆ ಬಂದಾಗ ಏನು ಮಾಡಬೇಕು?

ಸಕಲೇಶಪುರದ ಹತ್ತಿರ ಹಿತ್ತಲಿನ ಗೂಡಿನಲ್ಲಿ ಎಂಟು ಜಪಾನೀ ಗೌಜಲ ಹಕ್ಕಿಗಳನ್ನು ಸಾಕಿದ್ದೀರಿ. ಮಳೆ ಹಿಡಿದ ಮೇಲೆ ಒಂದು ಹಕ್ಕಿಯ ಎಡಗಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ನೊರೆ ಬರುತ್ತಿದೆ, ಈಗ ಇನ್ನೊಂದು ಹಕ್ಕಿಯೂ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಿದೆ ಎಂದು ಬರೆದಿದ್ದೀರಿ. ಮನೆಯಲ್ಲಿ ಉಳಿದಿರುವ ಕಣ್ಣಿನ ಡ್ರಾಪ್ಸ್ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಮನುಷ್ಯರಿಗೆ ಕೊಡುವ ಎಷ್ಟೋ ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ಕಣ್ಣಿನ ಕರಿಗುಡ್ಡೆಯ ಮೇಲೆ ಸಣ್ಣ ಗಾಯವಿದ್ದರೂ ಸ್ಟೀರಾಯ್ಡ್ ಅದನ್ನು ಮಾಯಲು ಬಿಡದೆ ಇನ್ನಷ್ಟು ಆಳ ಮಾಡುತ್ತದೆ, ಮತ್ತು ಆ ಗಾಯ ನಮ್ಮ ಬರಿಗಣ್ಣಿಗೆ ಕಾಣುವುದಿಲ್ಲ.

ನಾನು ವೈದ್ಯನಲ್ಲ. ಹಾಸನದಲ್ಲಿ ಹಲವು ವರ್ಷಗಳಿಂದ ಈ ಹಕ್ಕಿಗಳನ್ನು ಸಾಕುತ್ತಿರುವವನಾಗಿ ನನಗೆ ಮನದಟ್ಟಾಗಿರುವುದೇನೆಂದರೆ, ಗೌಜಲ ಹಕ್ಕಿಯ ಕಣ್ಣಿನಲ್ಲಿ ಕಾಣುವ ತೊಂದರೆಯ ಮೂಲ ಬಹಳ ಸಲ ಕಣ್ಣಿನಲ್ಲಿರುವುದಿಲ್ಲ. ಗೂಡಿನ ನೆಲದಲ್ಲೋ, ಮೂಗಿನ ಪಕ್ಕದ ಟೊಳ್ಳಿನಲ್ಲೋ, ಮೇವಿನ ಚೀಲದಲ್ಲೋ ಇರುತ್ತದೆ. ಆದ್ದರಿಂದ ಔಷಧಿಗೆ ಮೊದಲು ಎರಡು ವಿಷಯ ನೋಡಬೇಕು: ಒಂದು ಕಣ್ಣೋ ಎರಡೂ ಕಣ್ಣೋ, ಒಂದು ಹಕ್ಕಿಯೋ ಹಲವು ಹಕ್ಕಿಗಳೋ. ಒಂದೇ ಹಕ್ಕಿಯ ಒಂದೇ ಕಣ್ಣಾದರೆ ಪೆಟ್ಟು, ಇನ್ನೊಂದು ಹಕ್ಕಿಯ ಕುಕ್ಕು ಅಥವಾ ಒಳಸೇರಿದ ಭತ್ತದ ಹೊಟ್ಟಿನ ಚೂರು ಎಂದು ಮೊದಲು ಅನುಮಾನಿಸಬಹುದು. ಗಾಬರಿಯಾದಾಗ ಇವು ನೆಟ್ಟಗೆ ಮೇಲಕ್ಕೆ ಚಿಮ್ಮಿ ತಲೆಯನ್ನು ತಂತಿಗೆ ಬಡಿದುಕೊಳ್ಳುತ್ತವೆ. ಒಂದರಿಂದ ಇನ್ನೊಂದಕ್ಕೆ ಹರಡುತ್ತಿದೆ ಎಂದರೆ ಗಾಳಿ, ಸೋಂಕು ಅಥವಾ ಮೇವಿನ ಕಡೆ ಗಮನ ತಿರುಗಿಸಬೇಕು. ನಿಮ್ಮದು ಈ ಎರಡನೆಯ ಬಗೆಯದು.

ಹಕ್ಕಿಯನ್ನು ಪರೀಕ್ಷಿಸುವಾಗ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ರೆಕ್ಕೆ ಸೇರಿಸಿ ಸಡಿಲವಾಗಿ ಸುತ್ತಿ ಹಿಡಿಯಿರಿ. ಎದೆಯನ್ನು ಒತ್ತಬಾರದು, ಹಕ್ಕಿಗಳಿಗೆ ನಮ್ಮಂತೆ ವಪೆಯಿಲ್ಲ (ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯು), ಎದೆಗೂಡು ಅಲುಗಿದರೆ ಮಾತ್ರ ಅವು ಉಸಿರಾಡಬಲ್ಲವು. ಬೆಳಕಿಗೆ ಹಿಡಿದು ಕಣ್ಣು ಮತ್ತು ಕೊಕ್ಕಿನ ನಡುವಿನ ಜಾಗವನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಅಲ್ಲಿ ಉಬ್ಬಿದ್ದು, ಒತ್ತಿದಾಗ ಮೂಗಿನ ಹೊಳ್ಳೆಯಲ್ಲಿ ನೀರು ಜಿನುಗಿದರೆ, ಅದು ಸೈನಸ್ಸಿನ, ಅಂದರೆ ಮೂಗಿನ ಪಕ್ಕದ ಟೊಳ್ಳಿನ, ಊತ. ಬೆನ್ನು ಮತ್ತು ಭುಜದ ಗರಿಗಳನ್ನೂ ನೋಡಿ: ಕಣ್ಣಿನಲ್ಲಿ ನೀರು ಬರುವ ಹಕ್ಕಿ ಮುಖವನ್ನು ಅಲ್ಲಿ ಒರೆಸಿಕೊಳ್ಳುವುದರಿಂದ ಗರಿಗಳು ಅಂಟಂಟಾಗಿ ಮುದ್ದೆಗಟ್ಟಿರುತ್ತವೆ. ನಮ್ಮ ಎದುರಿಗೆ ಚೆನ್ನಾಗಿದ್ದಂತೆ ತೋರಿಸಿಕೊಳ್ಳುವ ಹಕ್ಕಿಯನ್ನೂ ಈ ಗುರುತು ಹಿಡಿದುಕೊಡುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ನಾನು ಮೊದಲು ಶಂಕಿಸುವುದು ನೆಲದ ಹಾಸನ್ನು. ಒದ್ದೆಯಾದ ಹಾಸಿನಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ, ಅದು ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಕೋಳಿ ಸಾಕಣೆಯಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 25 ಭಾಗ ಮೀರಬಾರದು ಎಂಬ ಮಾತಿದೆ. ಮನೆಯಲ್ಲಿ ಅಳೆಯುವ ಸಾಧನವಿಲ್ಲದಿದ್ದರೂ ಮೂಗು ಇದೆ. ನಿಂತು ಮೂಸಿದರೆ ಪ್ರಯೋಜನವಿಲ್ಲ, ಬೆಳಿಗ್ಗೆ ಗೂಡಿನ ಮುಚ್ಚಿಗೆ ಸರಿಸಿದ ಕೂಡಲೇ ಕುಕ್ಕರುಗಾಲಿನಲ್ಲಿ ಕೂತು ಮುಖವನ್ನು ಹಕ್ಕಿಯ ಎತ್ತರಕ್ಕೆ ತಂದು ಉಸಿರೆಳೆದುಕೊಳ್ಳಬೇಕು. ನಿಮ್ಮ ಮೂಗಿಗೆ ಘಾಟು ಹತ್ತಿದರೆ ಹಕ್ಕಿ ಇರುಳೆಲ್ಲ ಅದನ್ನೇ ಉಸಿರಾಡಿದೆ ಎಂದರ್ಥ. ಹಾಸು ಪೂರ್ತಿ ತೆಗೆದು, ಬೂಷ್ಟು ಹಿಡಿಯದ ಒಣ ಹೊಟ್ಟು ಹರಡಿ; ಎರಚಲು ತಡೆಯಲು ಟಾರ್ಪಾಲು ಕಟ್ಟಿದ್ದರೆ ಮೇಲ್ಭಾಗದಲ್ಲಿ ಗಾಳಿ ಆಡಲು ಜಾಗ ಬಿಡಿ. ಒದ್ದೆ ಹಾಸಿನ ಮೇಲೆ ಸುಣ್ಣ ಚೆಲ್ಲುವ ರೂಢಿ ನಮ್ಮ ಕಡೆ ಇದೆ, ಆದರೆ ಹಕ್ಕಿಗಳಿರುವಾಗ ಹಾಗೆ ಮಾಡಿದರೆ ಅಮೋನಿಯಾ ಇನ್ನೂ ಹೆಚ್ಚಾಗಿ ಹೊರಬೀಳುತ್ತದೆ. ಸುಣ್ಣ ಬಳಿಯುವುದಾದರೆ ಗೂಡು ಖಾಲಿ ಮಾಡಿ ತೊಳೆದ ನೆಲಕ್ಕೆ ಬಳಿಯಿರಿ.

ಆದರೆ ನೀವು ನೊರೆ ಎಂದಿದ್ದೀರಿ, ಆ ಮಾತು ನನಗೆ ಚಿಂತೆ ಹುಟ್ಟಿಸುತ್ತಿದೆ. ನೊರೆ, ಕೆನ್ನೆಯ ಊತ, ಸೀನು, ಗೊರಗೊರ ಉಸಿರು ಇವು ಜೊತೆಯಾದರೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿರುವ ಸಾಧ್ಯತೆ ಹೆಚ್ಚು. ಮುಖ ಊದಿ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಕೊರೈಜಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ರೋಗವೂ ಇರಬಹುದು. ಇವಕ್ಕೆ ಕಣ್ಣಿನ ಮುಲಾಮು ಮಾತ್ರ ಸಾಲುವುದಿಲ್ಲ, ನೀರಿನಲ್ಲಿ ಕೊಡುವ ಟೈಲೋಸಿನ್‌ನಂಥ ಆಂಟಿಬಯೋಟಿಕ್ ಬೇಕಾಗುತ್ತದೆ. ಇನ್ನೂರು ಗ್ರಾಮಿನ ಆಸುಪಾಸು ತೂಗುವ ಹಕ್ಕಿಗೆ ಕೋಳಿಯ ಲೆಕ್ಕದಲ್ಲಿ ಅಂದಾಜಿನ ಮೇಲೆ ಔಷಧಿ ಬೆರೆಸುವುದು ಅಪಾಯ, ಆದ್ದರಿಂದ ಪ್ರಮಾಣವನ್ನೂ ದಿನಗಳನ್ನೂ ಪಶುವೈದ್ಯರಿಂದಲೇ ಬರೆಸಿಕೊಳ್ಳಿ.

ರೆಪ್ಪೆಯ ಮೇಲೆ ನರಹುಲಿಯಂಥ ಗಂಟು ಎದ್ದು ಹಕ್ಕಳೆ ಕಟ್ಟಿದ್ದರೆ ಅದು ಹಕ್ಕಿಗಳಿಗೆ ಬರುವ ಸಿಡುಬು; ಸೊಳ್ಳೆಯಿಂದ ಹರಡುತ್ತದೆ, ಅದಕ್ಕೆ ನೇರ ಔಷಧಿಯಿಲ್ಲ. ಹಕ್ಕಳೆ ಕೀಳಬೇಡಿ, ಅದರಲ್ಲೇ ವೈರಸ್ ಇರುತ್ತದೆ. ಎರಡೂ ರೆಪ್ಪೆ ಅಂಟಿಕೊಂಡು ಒಳಗೆ ಗಿಣ್ಣಿನಂಥ ಬಿಳಿ ಗಡ್ಡೆ, ಬಾಯೊಳಗೆ ಬಿಳಿ ಗುಳ್ಳೆ ಕಂಡರೆ ಎ ಜೀವಸತ್ವದ ಕೊರತೆ ಇರಬಹುದು. ಬರೀ ಅಕ್ಕಿ ನುಚ್ಚು ತಿಂದು ಬೆಳೆದ ಹಕ್ಕಿಗಳಲ್ಲಿ, ತೇವದ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಮೇವು ತಿಂದ ಹಕ್ಕಿಗಳಲ್ಲಿ ಇದು ಬರುತ್ತದೆ. ಹೊಸ ಮೇವಿನ ಜೊತೆಗೆ ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪು ಕೊಡಿ. ಎ ಜೀವಸತ್ವದ ದ್ರಾವಣವನ್ನು ಮಾತ್ರ ಮನಸ್ಸಿಗೆ ಬಂದಷ್ಟು ಹಾಕಬೇಡಿ, ಹೆಚ್ಚಾದರೆ ಅದು ವಿಷ.

ಇವತ್ತೇ ಮಾಡಬೇಕಾದದ್ದು ಇಷ್ಟು. ಎರಡೂ ಹಕ್ಕಿಗಳನ್ನು ಬೇರೆ ಮಾಡಿ, ಗಾಳಿ ನೇರ ಬಡಿಯದ ಬೆಚ್ಚಗಿನ ಜಾಗದಲ್ಲಿಡಿ. ಔಷಧಿ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನ್ ತನ್ನಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿಕೊಳ್ಳಿ. ಉಗುರುಬೆಚ್ಚಗೆ ಮಾಡಿ, ಅದರಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಅಂಟು ಮೆತ್ತಗಾಗುತ್ತದೆ. ಆಮೇಲೆ ಕೊಕ್ಕಿನ ಕಡೆಯ ಮೂಲೆಯಿಂದ ಹೊರಕ್ಕೆ ಒರೆಸಿ. ಒಂದು ಕಣ್ಣಿಗೆ ಬಳಸಿದ ಬಟ್ಟೆ ಇನ್ನೊಂದಕ್ಕೆ ಬೇಡ. ಬಲವಂತವಾಗಿ ರೆಪ್ಪೆ ಬಿಡಿಸಬೇಡಿ, ಒಳಗಿನ ಗಡ್ಡೆ ಇದ್ದರೆ ಅದನ್ನು ವೈದ್ಯರೇ ತೆಗೆಯಲಿ. ಕಣ್ಣು ಕಾಣದ ಗೌಜಲ ಹಕ್ಕಿ ಕಾಯಿಲೆಗಿಂತ ಮುಂಚೆ ಹಸಿವು ಬಾಯಾರಿಕೆಯಿಂದಲೇ ಸಾಯುವ ಭಯವಿರುವುದರಿಂದ, ಆಳವಿಲ್ಲದ ತಟ್ಟೆಯಲ್ಲಿ ನೀರು ಮೇವನ್ನು ಅದರ ಎದುರಿಗೇ ಇಟ್ಟು, ದಿನಕ್ಕೆ ನಾಲ್ಕೈದು ಸಲ ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ. ಹೊಳ್ಳೆ ಮುಳುಗದಂತೆ ನೋಡಿಕೊಳ್ಳಿ.

ನಾಳೆಯೇ ತಾಲ್ಲೂಕು ಪಶು ಆಸ್ಪತ್ರೆಗೆ, ಆಗುವುದಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ, ಗಾಳಿ ಆಡುವಂತೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಕ್ಕಿಯನ್ನು ಒಯ್ಯಿರಿ. ಕಣ್ಣಿನ ಮೇಲೆ ಗಾಯವಿದೆಯೇ ಎಂಬುದನ್ನು ಬಣ್ಣದ ಹನಿ ಹಾಕಿ ಪರೀಕ್ಷಿಸಲು ಕೇಳಿ. ಈ ನಡುವೆ ಹಕ್ಕಿಗಳು ಒಂದರ ಹಿಂದೊಂದು ದಿಢೀರನೆ ಸತ್ತರೆ ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ, ಏಕೆಂದರೆ ಹಕ್ಕಿ ಜ್ವರವನ್ನು ಮನೆಯಲ್ಲಿ ಅಲ್ಲಗಳೆಯಲಾಗದು. ಔಷಧಿ ಶುರುವಾದರೆ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂದು ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಮೈಕೋಪ್ಲಾಸ್ಮಾ ಎಂದು ಖಚಿತವಾದರೆ ಆ ಹಕ್ಕಿಗಳ ಮೊಟ್ಟೆಯನ್ನು ಮರಿ ಮಾಡಿಸಲು ಇಡಬೇಡಿ. ಮೇಲ್ನೋಟಕ್ಕೆ ವಾಸಿಯಾದ ಹಕ್ಕಿಯೂ ರೋಗಾಣುವನ್ನು ಇಟ್ಟುಕೊಂಡಿರುತ್ತದೆ, ಅದು ಮೊಟ್ಟೆಯ ಮೂಲಕ ಮರಿಗೆ ದಾಟುತ್ತದೆ. ಕೆನ್ನೆ ಮುಟ್ಟಿದಾಗ ಏನು ಕಂಡಿತು, ನೆಲದಲ್ಲಿ ಘಾಟು ಇತ್ತೇ ಎಂಬುದನ್ನು ಇಲ್ಲಿ ಬರೆದರೆ ಮುಂದಿನದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬಲ್ಲೆ.